ಮೂತ್ರಕೋಶದ ಕ್ಯಾನ್ಸರ್ ಮತ್ತು ಮೈತೂಕ: ಕಾಟಾ ಹೇಳುವುದನ್ನು ಓದುವುದು ಹೇಗೆ?

ದೊಡ್ಡಪ್ಪನನ್ನು ಅಡಿಕೆ ತೂಗುವ ಕಾಟಾದ ಮೇಲೆ ನಿಲ್ಲಿಸಿದವನು ನಾನೇ. ಸಿರ್ಸಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗಿನ ಊರು ನಮ್ಮದು. ಮನುಷ್ಯರನ್ನು ತೂಗುವ ಮಷಿನ್ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಅದರ ಮೂಟೆ ತೂಗಲು ಎಲೆಕ್ಟ್ರಾನಿಕ್ ಕಾಟಾ ಒಂದಿತ್ತು. ಮೇಲಿದ್ದ ಮೂಟೆ ಇಳಿಸಿ, ಸಿಪ್ಪೆಯ ಧೂಳು ಒರೆಸಿ, "ಹತ್ತಿ ದೊಡ್ಡಪ್ಪ" ಅಂದೆ. ಅವರು ನಗುತ್ತಾ ಹತ್ತಿ, "ರೇಟ್ ಎಷ್ಟಿದ್ದು ಇವತ್ತು?" ಅಂತ ಕೇಳಿದರು. ಕೆಂಪು ಅಂಕಿ ಸ್ವಲ್ಪ ಹೊತ್ತು ಕುಣಿದು 66ಕ್ಕೆ ನಿಂತಿತು. ಮೂರು ತಿಂಗಳ ಹಿಂದೆ ಶುಗರ್ ಚೆಕಪ್ಪಿಗೆ ಹೋದಾಗ ಚೀಟಿಯಲ್ಲಿ 72 ಅಂತ ಬರೆದಿದ್ದರು.

"ಹೊಟ್ಟೆ ಕರಗಿದ್ದು, ಚೊಲೋನೇ ಆತು ಬಿಡು" ಅಂದರು ದೊಡ್ಡಮ್ಮ. ನನಗೂ ಹಾಗೇ ಅನಿಸಿತ್ತು. ಶುಗರ್ ಇರುವ ಮನುಷ್ಯ, ತೂಕ ಇಳಿಸಿ ಅಂತ ಎಷ್ಟೋ ವರ್ಷದಿಂದ ಡಾಕ್ಟರು ಹೇಳುತ್ತಲೇ ಇದ್ದರು. ಆದರೆ ದೊಡ್ಡಪ್ಪ ಏನೂ ಬಿಟ್ಟಿರಲಿಲ್ಲ, ಏನೂ ಓಡಿರಲಿಲ್ಲ. ಅದು ಇಳಿಸಿದ ತೂಕ ಅಲ್ಲ, ಇಳಿದ ತೂಕ. ಮೂತ್ರಕೋಶದಲ್ಲಿ ಗಡ್ಡೆ ಇದೆ, ಅದು ಸ್ನಾಯುವಿನೊಳಗೆ ಇಳಿದಿದೆ ಅಂತ ಬಯಾಪ್ಸಿ ರಿಪೋರ್ಟ್ ಅದೇ ವಾರ ಬಂದಿತ್ತು.

ಇಳಿಸಿದ ತೂಕಕ್ಕೂ ಇಳಿದ ತೂಕಕ್ಕೂ ಇರುವ ವ್ಯತ್ಯಾಸ ಗೊತ್ತಾದರೆ ಈ ಕಾಯಿಲೆಯಲ್ಲಿ ಮನೆಯವರು ಮಾಡಬೇಕಾದ ಅರ್ಧ ಕೆಲಸ ಗೊತ್ತಾದ ಹಾಗೆ. ನಾನು ಡಾಕ್ಟರ್ ಅಲ್ಲ. ಫೈಲು ಹಿಡಿದು ಹುಬ್ಬಳ್ಳಿ, ಮಣಿಪಾಲ ಅಂತ ಓಡಾಡಿದವನು, ಕೇಳಿ ಕೇಳಿ ಡಾಕ್ಟರುಗಳ ತಲೆ ತಿಂದವನು. ಇಲ್ಲಿರುವುದನ್ನು ನಿಮ್ಮ ಡಾಕ್ಟರ ಮುಂದೆ ಇಟ್ಟು ಕೇಳಿ. ಅವರ ಬದಲಿಗೆ ಇದನ್ನು ಇಟ್ಟುಕೊಳ್ಳಬೇಡಿ.

ಮೊದಲನೇ ಹೆಜ್ಜೆ: ಗಡ್ಡೆ ಎಲ್ಲಿದೆ ಅಂತ ಕೇಳಿ

ಮೂತ್ರಕೋಶ ಅಂದರೆ ಕಿಡ್ನಿ ಅಲ್ಲ. ಕಿಡ್ನಿಯಿಂದ ಇಳಿದ ಉಚ್ಚೆ ಬಂದು ತುಂಬುವ ಚೀಲ. ನಮ್ಮಲ್ಲಿ ಎರಡನ್ನೂ ಕಲಸಿ ಮಾತಾಡುವವರೇ ಜಾಸ್ತಿ. ಇಲ್ಲಿ ಕ್ಯಾನ್ಸರ್ ಆದಾಗ ಮೊದಲು ಕಾಣುವುದು ಹೆಚ್ಚಾಗಿ ನೋವಿಲ್ಲದೆ ಉಚ್ಚೆಯಲ್ಲಿ ಬರುವ ರಕ್ತ. ಒಮ್ಮೆ ಬಂದು ತಾನಾಗೇ ನಿಂತೂ ಹೋಗುತ್ತದೆ. "ಉಷ್ಣ ಆಯ್ದು, ಮುರುಗಲು ಪಾನಕ ಕುಡಿ" ಅಂತ ನಮ್ಮ ಮನೆಯಲ್ಲೂ ಎರಡು ತಿಂಗಳು ಕಳೆದೆವು. ಪಾನಕ ಒಳ್ಳೆಯದೇ, ಕುಡಿಯಿರಿ. ಆದರೆ ಕೆಂಪು ಕಂಡ ವಾರದಲ್ಲೇ ಮೂತ್ರರೋಗದ ಡಾಕ್ಟರನ್ನೂ ನೋಡಿ.

ಉಚ್ಚೆಯ ದಾರಿಯಿಂದ ದೂರ್ಬೀನು (ಸಿಸ್ಟೋಸ್ಕೋಪ್) ಹಾಕಿ ಗಡ್ಡೆ ಕೆರೆದು ತೆಗೆದ ಮೇಲೆ ರಿಪೋರ್ಟ್ ಬರುತ್ತದೆ. ಅದರಲ್ಲಿ ಒಂದೇ ವಿಷಯ ಹುಡುಕಿ: ಸ್ನಾಯು ಪದರಕ್ಕೆ ಇಳಿದಿದೆಯೋ ಇಲ್ಲವೋ. ಸಾಮಾನ್ಯವಾಗಿ ನಾಲ್ವರಲ್ಲಿ ಮೂವರಿಗೆ ಇಳಿದಿರುವುದಿಲ್ಲ. ಅವರಿಗೆ ಗಡ್ಡೆ ಕೆರೆಯುವುದು, ಚೀಲದೊಳಗೆ ಔಷಧ ಬಿಡುವುದು, ಮತ್ತೆ ಮತ್ತೆ ದೂರ್ಬೀನು ಹಾಕಿ ನೋಡುವುದು, ಇಷ್ಟು. ಹುಟ್ಟಿದ ಮಕ್ಕಳಿಗೆ ಟಿಬಿ ಬರದಂತೆ ಹಾಕುವ ಬಿಸಿಜಿ ಇದೆಯಲ್ಲ, ಅದನ್ನೇ ವಾರಕ್ಕೊಮ್ಮೆ 6 ವಾರ ಚೀಲದೊಳಗೆ ಬಿಡುತ್ತಾರೆ. 1976ರಿಂದ ಬಂದಿರುವ ಕ್ರಮ ಇದು. ಸ್ನಾಯುವಿಗೆ ಇಳಿದಿದ್ದರೆ, ರಿಪೋರ್ಟಿನಲ್ಲಿ ಟಿ2 ಅಥವಾ ಮೇಲಿನ ಅಂಕಿ ಇದ್ದರೆ, ದಾರಿ ಬೇರೆ. ಕಿಮೋ ಕೊಟ್ಟು ಇಡೀ ಮೂತ್ರಕೋಶ ತೆಗೆಯುವ ದೊಡ್ಡ ಆಪರೇಷನ್, ಅಥವಾ ಕಿಮೋ ಜೊತೆ ರೇಡಿಯೇಷನ್.

ತೂಕದ ವಿಷಯದಲ್ಲಿ ಈ ಎರಡು ಗುಂಪಿಗೆ ಸಲಹೆ ಒಂದೇ ಅಲ್ಲ. ಪಕ್ಕದ ಮನೆಯವರಿಗೆ ಡಾಕ್ಟರು ಹೇಳಿದ್ದನ್ನು ನಿಮ್ಮ ಮನೆಗೆ ತರಬೇಡಿ ಅನ್ನುವುದು ಇದಕ್ಕೇ.

ಎರಡನೇ ಹೆಜ್ಜೆ: ದಪ್ಪ ಇದ್ದರೆ ಕೆಟ್ಟದ್ದಾ, ತೆಳ್ಳಗಿದ್ದರೆ ಒಳ್ಳೆಯದಾ?

ಎಲ್ಲರೂ ಕೇಳುವುದು ಇದನ್ನೇ. ಉತ್ತರ ಮಾತ್ರ ಸುಲಭದ್ದಲ್ಲ.

ತೂಕ ಜಾಸ್ತಿ ಇರುವವರಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು. ಸ್ವಲ್ಪ ಅಂದರೆ ಸ್ವಲ್ಪವೇ. ಬೀಡಿ ಸಿಗರೇಟಿನ ಮುಂದೆ ಅದು ಏನೂ ಅಲ್ಲ. ಈ ಕ್ಯಾನ್ಸರಿನ ಸುಮಾರು ಅರ್ಧದಷ್ಟು ಕೇಸುಗಳಿಗೆ ಹೊಗೆಯೇ ಕಾರಣ. ಹೊಗೆಯಲ್ಲಿನ ವಿಷ ರಕ್ತದಿಂದ ಕಿಡ್ನಿಗೆ, ಅಲ್ಲಿಂದ ಉಚ್ಚೆಗೆ ಇಳಿದು ಗಂಟೆಗಟ್ಟಲೆ ಮೂತ್ರಕೋಶದ ಒಳಗೋಡೆ ಮುಟ್ಟಿಕೊಂಡು ಕೂತಿರುತ್ತದೆ.

ಗಡ್ಡೆ ಮೇಲ್ಪದರದಲ್ಲೇ ಇರುವವರಲ್ಲಿ, ಬೊಜ್ಜು ಇದ್ದವರಿಗೆ ಗಡ್ಡೆ ಮರಳಿ ಬರುವುದು ಹೆಚ್ಚು ಅಂತ ಕೆಲವು ಅಧ್ಯಯನಗಳು ತೋರಿಸಿವೆ. ಎಲ್ಲ ಅಧ್ಯಯನಗಳೂ ಒಪ್ಪಿಲ್ಲ. ಮೂತ್ರಕೋಶ ತೆಗೆಸಿಕೊಂಡವರಲ್ಲಿ ಲೆಕ್ಕ ಇನ್ನೂ ಗೋಜಲು. ಬೊಜ್ಜು ಇದ್ದವರ ಗತಿ ಕೆಟ್ಟದ್ದು ಅಂತ ಕೆಲವು, ಸ್ವಲ್ಪ ತುಂಬಿಕೊಂಡವರೇ ಹೆಚ್ಚು ಕಾಲ ಬದುಕಿದರು ಅಂತ ಇನ್ನು ಕೆಲವು. ತೀರಾ ತೆಳ್ಳಗಿರುವವರಿಗೆ, ಆಪರೇಷನ್‌ಗೆ ಮೊದಲೇ ತೂಕ ಕಳೆದುಕೊಂಡವರಿಗೆ ಕಷ್ಟ ಜಾಸ್ತಿ ಅನ್ನುವುದರಲ್ಲಿ ಮಾತ್ರ ಭಿನ್ನಾಭಿಪ್ರಾಯ ಕಡಿಮೆ.

ಇದನ್ನು ಕೇಳಿ "ಹಾಗಾದ್ರೆ ದಪ್ಪ ಇರೋದೇ ಒಳ್ಳೇದು" ಅಂತ ಹೊರಡಬೇಡಿ. ಕಾಯಿಲೆ ಜೋರಾಗಿದ್ದವರು ಮೊದಲೇ ಸೊರಗಿರುತ್ತಾರೆ. ತೆಳ್ಳಗಿನವರ ಸಾಲಿನಲ್ಲಿ ಅವರೂ ಸೇರಿಬಿಡುತ್ತಾರೆ. ಆಮೇಲೆ, ತೂಕದ ಅಂಕಿಗೆ ಒಳಗೆ ಏನಿದೆ ಅಂತ ಗೊತ್ತಿಲ್ಲ. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಒಂದು ಕ್ವಿಂಟಲ್ ಹಸಿ ಅಡಿಕೆಯೂ ಕ್ವಿಂಟಲ್ಲೇ, ಒಂದು ಕ್ವಿಂಟಲ್ ಚಾಲಿಯೂ ಕ್ವಿಂಟಲ್ಲೇ. ಕಾಟಾಕ್ಕೆ ಎರಡೂ ಒಂದೇ, ಅಡಿಕೆ ಕೊಳ್ಳುವ ವಖಾರಿಯವನಿಗೆ ಒಂದೇನಾ? ಮೈಯಲ್ಲೂ ಹಾಗೇ. 66 ಕೆ.ಜಿ.ಯಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ಕಾಲಲ್ಲಿ ನಿಂತ ನೀರು ಎಷ್ಟು ಅನ್ನುವುದೇ ಮುಖ್ಯ. ಮೂತ್ರಕೋಶ ತೆಗೆಸಿಕೊಂಡವರಲ್ಲಿ ಸ್ನಾಯು ಕಡಿಮೆ ಇದ್ದವರು ಕಡಿಮೆ ಕಾಲ ಬದುಕಿದ್ದನ್ನು ಒಂದಕ್ಕಿಂತ ಹೆಚ್ಚು ಅಧ್ಯಯನಗಳು ಕಂಡಿವೆ. ಅವರಲ್ಲಿ ಹೊಟ್ಟೆ ದೊಡ್ಡದಾಗಿದ್ದು ಕೈಕಾಲು ಸಣಕಲಾದವರೂ ಇರುತ್ತಾರೆ. ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಮೂರನೇ ಹೆಜ್ಜೆ: ಸರಿಯಾಗಿ ತೂಗಿ, ಬರೆದಿಡಿ

ಒಂದು ನೂರು ಪುಟದ ಪುಸ್ತಕ ತನ್ನಿ. ತಾರೀಕು, ತೂಕ, ಮೀನಖಂಡದ ಸುತ್ತಳತೆ, ಊಟ ಸೇರಿತೋ ಇಲ್ಲವೋ ಅಂತ ನಾಲ್ಕು ಸಾಲು ಗೀಚಿ.

ವಾರಕ್ಕೊಮ್ಮೆ ಸಾಕು. ದಿನಾ ತೂಗಿದರೆ ತಲೆಬಿಸಿ ಜಾಸ್ತಿ, ಉಪಯೋಗ ಕಡಿಮೆ. ಅದೇ ಮಷಿನ್, ಅದೇ ಜಾಗ, ನೆಲ ಸಮತಟ್ಟಾಗಿರಲಿ. ಬೆಳಿಗ್ಗೆ ಉಚ್ಚೆಗೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು. ಮಳೆಗಾಲದಲ್ಲಿ ಒದ್ದೆ ಪಂಚೆ ಸುತ್ತಿಕೊಂಡು ಹತ್ತಿದರೆ ಅದೂ ತೂಕಕ್ಕೆ ಸೇರುತ್ತದೆ. ಮೂತ್ರಕೋಶ ತೆಗೆಸಿ, ಉಚ್ಚೆ ತುಂಬಲು ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಂಡವರು ಚೀಲ ಖಾಲಿ ಮಾಡಿಯೇ ಹತ್ತಬೇಕು. ತುಂಬಿದ ಚೀಲದಲ್ಲಿ ಅರ್ಧ ಲೀಟರಿನ ತನಕ ಇರುತ್ತದೆ, ಅಂದರೆ ಅರ್ಧ ಕೆ.ಜಿ. ದೊಡ್ಡಪ್ಪ ಒಮ್ಮೆ ಹಾಗೇ ಹತ್ತಿ "ನೋಡು, ತೂಕ ಬಂತು" ಅಂತ ಖುಷಿಪಟ್ಟಿದ್ದರು. ದೊಡ್ಡಮ್ಮ ಬಗ್ಗಿ ಚೀಲ ನೋಡಿ ಒಂದು ಮಾತೂ ಆಡದೆ ಬಚ್ಚಲ ಕಡೆ ಕೈ ತೋರಿಸಿದರು.

ಈಗ ಲೆಕ್ಕ. ಎರಡು ಲೆಕ್ಕ ಗೊತ್ತಿದ್ದರೆ ಸಾಕು.

ಒಂದು ಬಿಎಂಐ, ಎತ್ತರಕ್ಕೆ ತಕ್ಕ ತೂಕ ಇದೆಯೋ ಅಂತ ಹೇಳುವ ಅಂಕಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ. ದೊಡ್ಡಪ್ಪನ ಎತ್ತರ 1.65 ಮೀಟರ್. 1.65 ಗುಣಿಸು 1.65 ಅಂದರೆ 2.72. 72 ಕೆ.ಜಿ. ಇದ್ದಾಗ ಬಿಎಂಐ 26.4, 66ಕ್ಕೆ ಇಳಿದಾಗ 24.2. ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಹಿಡಿಯುತ್ತಾರೆ. ಪಾಶ್ಚಾತ್ಯರಿಗೆ ಇರುವ 25, 30ರ ಲೆಕ್ಕ ನಮಗಲ್ಲ, ಯಾಕೆಂದರೆ ನಮಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಕೊಬ್ಬು ಸೇರುತ್ತದೆ. 18.5ಕ್ಕಿಂತ ಕೆಳಗೆ ಬಂದರೆ ಅದು ಸೊರಗಿದ್ದು.

ಇನ್ನೊಂದು ಇಳಿಕೆಯ ಶೇಕಡಾ. ಇಳಿದ ಕೆ.ಜಿ.ಯನ್ನು ಮೊದಲಿನ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. 6 ಭಾಗಿಸು 72, ಶೇ. 8.3. ಬಯಸದೆ ಮೂರರಿಂದ ಆರು ತಿಂಗಳಲ್ಲಿ ಶೇ. 5 ಇಳಿದರೇ ಡಾಕ್ಟರಿಗೆ ಹೇಳಬೇಕು. ಶೇ. 10 ಆದರೆ ಅದು ಗಂಭೀರ.

ಒಂದೇ ಮನುಷ್ಯ, ಎರಡು ಲೆಕ್ಕ. ಬಿಎಂಐ ನೋಡಿದರೆ ದೊಡ್ಡಪ್ಪ ಇನ್ನೂ "ಸ್ವಲ್ಪ ದಪ್ಪ". ಶೇಕಡಾ ನೋಡಿದರೆ ಕೆಂಪು ದೀಪ ಉರಿಯುತ್ತಿದೆ. ನಾವು ಮೊದಲನೆಯದನ್ನಷ್ಟೇ ನೋಡಿಕೊಂಡು ಕೂತಿದ್ದೆವು. ಮೂರು ತಿಂಗಳ ಹಿಂದಿನ ಆ ಚೀಟಿ ಕೈಗೆ ಸಿಗದಿದ್ದರೆ ಎರಡನೆಯದು ಗೊತ್ತೇ ಆಗುತ್ತಿರಲಿಲ್ಲ. ಹಾಗಾಗಿ ಹಳೆಯ ಚೀಟಿಗಳನ್ನು ಒಲೆಗೆ ಹಾಕಬೇಡಿ.

ನಾಲ್ಕನೇ ಹೆಜ್ಜೆ: ಟೇಪು, ಕುರ್ಚಿ

ಸ್ನಾಯು ಅಳೆಯಲು ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಇದೆ. ಸೊಂಟದ ಬೆನ್ನುಮೂಳೆಯ ಮೂರನೇ ಮಣಿಯ ಮಟ್ಟದ ಚಿತ್ರದಲ್ಲಿ ಸ್ನಾಯು ಎಷ್ಟಿದೆ ಅಂತ ಲೆಕ್ಕ ಹಾಕಬಹುದು. ಈ ಕಾಯಿಲೆಗೆ ಹೇಗೂ ಸಿಟಿ ಮಾಡಿಸಿರುತ್ತೀರಿ, ಹಾಗಾಗಿ "ಸ್ನಾಯು ಹೇಗಿದೆ ಸರ್, ಕರಗಿದೆಯಾ?" ಅಂತ ಕೇಳಲು ಹೆಚ್ಚು ದುಡ್ಡು ಬೇಡ.

ಮನೆಯಲ್ಲಿ ದರ್ಜಿಯ ಟೇಪು ಸಾಕು. ಕುರ್ಚಿಯಲ್ಲಿ ಕೂರಿಸಿ, ಪಾದ ನೆಲಕ್ಕೆ ಊರಿಸಿ, ಮೀನಖಂಡದ ಅತಿ ದಪ್ಪ ಜಾಗದಲ್ಲಿ ಟೇಪು ಸುತ್ತಿ. ಚರ್ಮ ಒತ್ತಬಾರದು, ಸಡಿಲವೂ ಆಗಬಾರದು. ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸ್ನಾಯು ಕರಗಿರುವ ಅನುಮಾನ ಪಡಬೇಕು. ಏಷ್ಯಾದವರಿಗಾಗಿಯೇ 2019ರಲ್ಲಿ ಹಾಕಿಕೊಟ್ಟ ಅಳತೆ ಇದು. ಕಾಲು ಬಾತಿದ್ದರೆ ಟೇಪು ಸುಳ್ಳು ಹೇಳುತ್ತದೆ. ಬೆರಳಲ್ಲಿ ಒತ್ತಿ ನೋಡಿ, ಕುಳಿ ಬಿದ್ದರೆ ಅದು ನೀರು.

ಇನ್ನೊಂದು ಪರೀಕ್ಷೆ. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಮೊಬೈಲಿನಲ್ಲಿ ಸಮಯ ನೋಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕಡಿಮೆಯಾಗಿದೆ. ಪಕ್ಕದಲ್ಲಿ ಒಬ್ಬರು ನಿಂತಿರಿ. ದೊಡ್ಡಪ್ಪನಿಗೆ 17 ಸೆಕೆಂಡ್ ಬೇಕಾಯಿತು. ವರ್ಷದ ಹಿಂದೆ ದಿನಕ್ಕೆರಡು ಸಲ ತೋಟಕ್ಕೆ ಇಳಿದು ಹತ್ತುತ್ತಿದ್ದ ಮನುಷ್ಯ.

ಕಿಡ್ನಿಯ ರಕ್ತಪರೀಕ್ಷೆ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕ್ರಿಯಾಟಿನಿನ್ ಅನ್ನುವುದು ಸ್ನಾಯುವಿನಿಂದ ಬರುವ ತ್ಯಾಜ್ಯ. ಸ್ನಾಯು ಕರಗಿದವರಲ್ಲಿ ಅದು ಕಡಿಮೆಯೇ ಇರುತ್ತದೆ. ಆಗ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸಿಸ್‌ಪ್ಲಾಟಿನ್ ಅನ್ನುವ ಕಿಮೋ ಔಷಧಕ್ಕೆ ಕಿಡ್ನಿ ಗಟ್ಟಿ ಇರಬೇಕಾದ್ದರಿಂದ ತೂಕ ಇಳಿದ ವಿಷಯವನ್ನು ಕಿಮೋ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಐದನೇ ಹೆಜ್ಜೆ: ಯಾವಾಗ ಇಳಿಸಬೇಕು, ಯಾವಾಗ ಮುಟ್ಟಬಾರದು

ಗಡ್ಡೆ ಮೇಲ್ಪದರದಲ್ಲೇ ಇದೆ, ಕೆರೆದು ಆಗಿದೆ, ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದಾರೆ, ಬಿಎಂಐ 25ರ ಮೇಲಿದೆ, ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದೆ. ಇಂಥವರು ಡಾಕ್ಟರನ್ನು ಕೇಳಿಕೊಂಡು ನಿಧಾನವಾಗಿ ಇಳಿಸಬಹುದು. ತಿಂಗಳಿಗೆ ಒಂದೆರಡು ಕೆ.ಜಿ. ಸಾಕು. ಹೀಗೆ ಇಳಿಸಿದರೆ ಗಡ್ಡೆ ಮರಳುವುದು ನಿಂತೇಬಿಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದಕ್ಕೆ ಗಟ್ಟಿ ಆಧಾರವಿಲ್ಲ. ಶುಗರ್, ಬಿಪಿ, ಹೃದಯಕ್ಕಂತೂ ಒಳ್ಳೆಯದು. ಮತ್ತೆ ಮತ್ತೆ ಅನಸ್ತೇಸಿಯಾ ಬೇಕಾಗುವವರಿಗೆ ಅದೇನು ಸಣ್ಣ ಲಾಭವಲ್ಲ.

ಬೀಡಿ ಬಿಟ್ಟರೆ ದಪ್ಪ ಆಗುತ್ತೇನೆ ಅನ್ನುವವರಿಗೆ: ಹೌದು, ಆಗಬಹುದು. ಬಿಟ್ಟ ಮೊದಲ ವರ್ಷ ನಾಲ್ಕೈದು ಕೆ.ಜಿ. ಏರುವುದು ಸಾಮಾನ್ಯ. ಆದರೂ ಬಿಡಿ. ತೂಕ ಆಮೇಲೆ ನೋಡಿಕೊಳ್ಳೋಣ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋಗಿ ಎರಡೂ ಕೈತಪ್ಪುವುದನ್ನು ಕಂಡಿದ್ದೇನೆ.

ಶುಗರ್ ಇರುವವರು ಮಾತ್ರೆಯ ಹಾಳೆ ತಿರುಗಿಸಿ ನೋಡಿ, ಪಿಯೋಗ್ಲಿಟಜೋನ್ ಅಂತ ಇದೆಯಾ? ಈ ಔಷಧಕ್ಕೂ ಮೂತ್ರಕೋಶದ ಕ್ಯಾನ್ಸರಿಗೂ ನಂಟು ಇರಬಹುದು ಅನ್ನುವ ಕಾರಣಕ್ಕೆ 2013ರ ಜೂನ್‌ನಲ್ಲಿ ಭಾರತದಲ್ಲಿ ಇದರ ಮಾರಾಟ ನಿಲ್ಲಿಸಿ, ಮುಂದಿನ ತಿಂಗಳೇ ಎಚ್ಚರಿಕೆಯ ಬರಹದೊಂದಿಗೆ ಮತ್ತೆ ಬಿಟ್ಟರು. ಮೈಯಲ್ಲಿ ನೀರು ನಿಲ್ಲಿಸಿ ತೂಕ ಏರಿಸುವ ಗುಣವೂ ಇದಕ್ಕಿದೆ. ಈ ಕ್ಯಾನ್ಸರ್ ಇದ್ದವರಿಗೆ ಇದು ಬೇಡ. ಹಾಗಂತ ನೀವೇ ಬಿಡಬೇಡಿ, ನಾಳೆಯೇ ಡಾಕ್ಟರಿಗೆ ತೋರಿಸಿ ಬದಲಾಯಿಸಿಕೊಳ್ಳಿ.

ಇನ್ನು ಎರಡನೇ ಗುಂಪು, ದೊಡ್ಡಪ್ಪನಂಥವರು. ಕಿಮೋ ನಡೆಯುತ್ತಿದೆ ಅಥವಾ ದೊಡ್ಡ ಆಪರೇಷನ್ ಮುಂದಿದೆ. ಇವರು ಡಯಟ್, ಉಪವಾಸ, ಒಪ್ಪತ್ತು ಎಲ್ಲವನ್ನೂ ಪಕ್ಕಕ್ಕಿಡಬೇಕು. ಬಿಎಂಐ 30 ಇದ್ದರೂ ಅಷ್ಟೇ. ಈಗ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಹೋದದ್ದು ಬೇಗ ಮರಳುವುದಿಲ್ಲ. ಏಕಾದಶಿ ಬಿಡಲು ಒಪ್ಪದ ಹಿರಿಯರಿಗೆ ನಮ್ಮ ಪುರೋಹಿತ ಭಟ್ಟರಿಂದಲೇ "ರೋಗಿಗೆ ಉಪವಾಸ ಇಲ್ಲೆ" ಅಂತ ಹೇಳಿಸಬೇಕಾಯಿತು. ನನ್ನ ಮಾತು ಕೇಳುವವರಲ್ಲ ಅವರು.

ಕಿಮೋ ಡೋಸಿನ ಬಗ್ಗೆ ಎರಡು ಮಾತು. ಎತ್ತರ, ತೂಕ ಹಾಕಿ ಮೈಯ ವಿಸ್ತೀರ್ಣ ಲೆಕ್ಕ ಮಾಡಿ ಡೋಸ್ ಹೇಳುತ್ತಾರೆ. ದಪ್ಪ ಇದ್ದಾರೆ ಅಂತ ಹೆದರಿ ಕಡಿಮೆ ಕೊಡುವುದು ಸರಿಯಲ್ಲ, ನಿಜವಾದ ತೂಕಕ್ಕೇ ಪೂರ್ತಿ ಕೊಡಬೇಕು ಅಂತ ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸೊಸೈಟಿ 2012ರಲ್ಲೇ ಹೇಳಿದೆ. ನಮ್ಮಲ್ಲಿ ಆದದ್ದು ಬೇರೆ ತಮಾಷೆ. ನರ್ಸ್ ತೂಕ ಕೇಳಿದಾಗ ದೊಡ್ಡಪ್ಪ ಅಭ್ಯಾಸಬಲದಲ್ಲಿ "72" ಅಂದುಬಿಟ್ಟರು, ಅವರು ಬರೆದುಕೊಂಡರು. ನಾನು ಪುಸ್ತಕ ತೋರಿಸಿದೆ, ಮತ್ತೆ ತೂಗಿದರು. ಆಮೇಲೆ ಕೂತು ಲೆಕ್ಕ ಹಾಕಿದರೆ, ಚದರ ಮೀಟರಿಗೆ 70 ಮಿ.ಗ್ರಾಂ. ಸಿಸ್‌ಪ್ಲಾಟಿನ್‌ಗೆ 127 ಮಿ.ಗ್ರಾಂ. ಬದಲು 122. ದೊಡ್ಡ ವ್ಯತ್ಯಾಸವೇನಲ್ಲ, ನಿಜ. ಆದರೆ ಪ್ರತಿ ಸುತ್ತಿಗೂ ತೂಕ ಇಳಿಯುತ್ತಾ ಹೋಗಿ ಫೈಲಿನಲ್ಲಿ 72 ಅಂತಲೇ ಉಳಿದರೆ? ಪ್ರತಿ ಸಲ ತೂಗಿಸಿ.

ಆರನೇ ಹೆಜ್ಜೆ: ತಟ್ಟೆಗೆ ಏನು ಬಡಿಸಬೇಕು

ನಮ್ಮ ಕಡೆ ಹುಷಾರಿಲ್ಲದವರಿಗೆ ಗಂಜಿ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ರಾತ್ರಿ ತಿಳಿ ಗಂಜಿ. ಕಾರವಾರದಲ್ಲಿ ಪೇಜ್ ಅಂದರೂ ಅದೇ. ಹೊಟ್ಟೆಗೆ ಹಗುರ, ನನಗೂ ಇಷ್ಟ. ಆದರೆ ಒಂದು ದೊಡ್ಡ ಬಟ್ಟಲು ಗಂಜಿಯಲ್ಲಿ ಪ್ರೋಟೀನ್ ಮೂರು ಗ್ರಾಂ ಅಷ್ಟೇ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ದಿನಕ್ಕೆ ಒಂದು ಕೆ.ಜಿ. ಮೈತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. 66 ಕೆ.ಜಿ.ಗೆ ಕಡಿಮೆ ಅಂದರೂ 79 ಗ್ರಾಂ. ಗಂಜಿಯಿಂದಲೇ ಇದು ಬರಬೇಕಾದರೆ 26 ಬಟ್ಟಲು ಕುಡಿಸಬೇಕು! ಗಡ್ಡೆ ಅಡ್ಡ ಬಂದು ಕಿಡ್ನಿ ಊದಿದ್ದರೆ, ಕ್ರಿಯಾಟಿನಿನ್ ಏರಿದ್ದರೆ ಈ ಅಳತೆ ಬದಲಾಗುತ್ತದೆ, ಕೇಳಿಯೇ ಶುರುಮಾಡಿ.

ಮೀನು ತಿನ್ನುವವರು ಪುಣ್ಯವಂತರು. ಮಧ್ಯಮ ಗಾತ್ರದ ಎರಡು ಬಾಂಗ್ಡೆಯಲ್ಲಿ 20 ಗ್ರಾಂ ಮೇಲೆ ಪ್ರೋಟೀನ್ ಸಿಗುತ್ತದೆ. ತಾರ್ಲೆ, ಕಾಣೆ, ಬಳಚು (ಚಿಪ್ಪುಮೀನು) ಎಲ್ಲವೂ ಆಗುತ್ತದೆ. ಕಿಮೋ ನಡೆಯುವಾಗ ಬಳಚನ್ನು ಅರೆಬೆಂದದ್ದು ಕೊಡಬೇಡಿ, ಚೆನ್ನಾಗಿ ಬೇಯಲಿ. ಒಂದು ಮೊಟ್ಟೆಗೆ 6 ಗ್ರಾಂ. ಕಾರವಾರದ ಗೆಳೆಯನ ತಂದೆಗೆ ಕಿಮೋ ಆದ ವಾರ ಮೀನು ಹುರಿಯುವ ವಾಸನೆಗೇ ವಾಂತಿ ಬರುತ್ತಿತ್ತು. ಅವರು ಹುರಿಯುವುದು ಬಿಟ್ಟು, ಹಿತ್ತಲ ಒಲೆಯಲ್ಲಿ ಬೇಯಿಸಿ, ತಣ್ಣಗಾದ ಮೇಲೆ ಮುಳ್ಳು ಬಿಡಿಸಿ ಗಂಜಿಗೇ ಕಲಸಿ ಕೊಟ್ಟರು. ಆಗ ಇಳಿಯಿತು.

ನಮ್ಮಂಥ ಸಸ್ಯಾಹಾರಿಗಳ ಮನೆಯಲ್ಲಿ ಸ್ವಲ್ಪ ಹೆಚ್ಚು ಲೆಕ್ಕ ಬೇಕು. ಎರಡು ಲೋಟ ಹಾಲು 13 ಗ್ರಾಂ, ಬಟ್ಟಲು ಮೊಸರು 6, ಎರಡು ಬಟ್ಟಲು ಗಟ್ಟಿ ತೊವ್ವೆ 12, ಹೆಸರುಕಾಳಿನ ಉಸಲಿ 7, ಮುಷ್ಟಿ ಶೇಂಗಾ 7, 50 ಗ್ರಾಂ ಪನೀರ್ 9, ದೋಸೆ ಚಪಾತಿ ಅನ್ನದಿಂದ 15. ಒಟ್ಟು 69. ಉಳಿದದ್ದಕ್ಕೆ 20 ಗ್ರಾಂ ಸೋಯಾ ಚಂಕ್ಸ್ ಪುಡಿ ಮಾಡಿ ಚಪಾತಿ ಹಿಟ್ಟಿಗೆ ಸೇರಿಸಿದೆವು, ಅದರಲ್ಲಿ 10 ಗ್ರಾಂ. ತಂಬುಳಿ, ಅಪ್ಪೆಹುಳಿಯಲ್ಲಿ ಪ್ರೋಟೀನ್ ಹುಡುಕಬೇಡಿ. ಆದರೆ ಕಿಮೋ ಆದ ಮೇಲೆ ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತದಲ್ಲ, ಆಗ ಅಪ್ಪೆಹುಳಿಯಷ್ಟು ನಾಲಿಗೆ ಎಬ್ಬಿಸುವುದು ಬೇರೆ ಇಲ್ಲ. ಬಾಯಿಹುಣ್ಣು ಇದ್ದರೆ ಮಾತ್ರ ಬೇಡ.

"ತಿನ್ನಿ, ತಿನ್ನಿ" ಅಂತ ಬೆನ್ನು ಹತ್ತಬೇಡಿ. ನಾವು ಹತ್ತಿದೆವು. "ಎಂಗೆ ಊಟ ಸೇರ್ತಿಲ್ಲೆ" ಅಂತ ಅವರು ಹೇಳಿದಷ್ಟೂ ಲೋಟ ದೊಡ್ಡದಾಯಿತು. ದೊಡ್ಡಪ್ಪ ಸಂಜೆಯ ಹಾಲನ್ನು ದಿನಾ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದಾರೆ ಅಂತ ಗೊತ್ತಾಗಿದ್ದು ಬೆಕ್ಕು ಅಲ್ಲಿ ಮಣ್ಣು ನೆಕ್ಕುತ್ತಿದ್ದಾಗ. ಆಮೇಲೆ ದೊಡ್ಡ ಲೋಟ ಬಿಟ್ಟು ಸಣ್ಣ ಲೋಟದಲ್ಲಿ ದಿನಕ್ಕೆ ಐದು ಸಲ ಕೊಟ್ಟೆವು. ಅರ್ಧ ಹೊಟ್ಟೆಯ ಊಟ ಆರು ಸಲ ಮಾಡಿದರೂ ಲೆಕ್ಕಕ್ಕೆ ಬರುತ್ತದೆ.

ತಿಂದದ್ದು ಸ್ನಾಯುವಿಗೆ ಸೇರಬೇಕಾದರೆ ಸ್ನಾಯುವಿಗೆ ಕೆಲಸವೂ ಬೇಕು. ದಿನಕ್ಕೆ ಎರಡು ಸಲ ಹತ್ತು ನಿಮಿಷ ಅಂಗಳದಲ್ಲಿ ನಡಿಗೆ, ಆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ. ಇಷ್ಟೇ.

ಏಳನೇ ಹೆಜ್ಜೆ: ಆಪರೇಷನ್‌ಗೆ ಮೊದಲು ಪಂಚೆ ಉಟ್ಟು ಹೋಗಿ

ಮೂತ್ರಕೋಶ ತೆಗೆದ ಮೇಲೆ ಉಚ್ಚೆಗೆ ಹೊಸ ದಾರಿ ಬೇಕು. ಸಣ್ಣ ಕರುಳಿನ ತುಂಡೊಂದನ್ನು ಬಳಸಿ ಹೊಟ್ಟೆಯ ಬಲಭಾಗದಲ್ಲಿ ಬಾಯಿ ಮಾಡಿ ಚೀಲ ಅಂಟಿಸುವುದು ಹೆಚ್ಚು ಬಳಕೆಯಲ್ಲಿರುವ ಕ್ರಮ. ಬಾಯಿ ಎಲ್ಲಿರಬೇಕು ಅಂತ ಮೊದಲೇ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಮಲಗಿದಾಗ ಮಾತ್ರ ಗುರುತು ಹಾಕಿದರೆ ಸಾಲದು. ಕೂತಾಗ, ನಿಂತಾಗ, ಬಗ್ಗಿದಾಗ ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತದೆ ನೋಡಲೇಬೇಕು. ಹೊಟ್ಟೆ ದೊಡ್ಡದಿದ್ದವರಿಗೆ ಸ್ವಲ್ಪ ಮೇಲೆ ಮಾಡುತ್ತಾರೆ, ಇಲ್ಲದಿದ್ದರೆ ಅವರ ಕಣ್ಣಿಗೇ ಅದು ಕಾಣುವುದಿಲ್ಲ. ಕಾಣದ ಬಾಯಿಗೆ ಚೀಲ ಅಂಟಿಸುವುದು ಹೇಗೆ? ಪಂಚೆ ಕಟ್ಟುವ ಗೆರೆ, ಹೆಂಗಸರಿಗೆ ಲಂಗದ ಲಾಡಿಯ ಗೆರೆ ತಪ್ಪಿಸಬೇಕು. ಆ ದಿನ ಮನೆಯಲ್ಲಿ ಉಡುವ ಬಟ್ಟೆಯಲ್ಲೇ ಹೋಗಿ.

ಬೊಜ್ಜು ಇದ್ದವರಿಗೆ ಆಪರೇಷನ್ ಹೆಚ್ಚು ಹೊತ್ತು ಹಿಡಿಯುತ್ತದೆ. ಗಾಯಕ್ಕೆ ಕೀವು ತುಂಬುವುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಬಾಯಿಯ ಪಕ್ಕ ಹರ್ನಿಯಾ ಬರುವುದೂ ಜಾಸ್ತಿ. ರಕ್ತ ಹೆಪ್ಪುಗಟ್ಟದಂತೆ ಮನೆಗೆ ಬಂದ ಮೇಲೂ ಕೆಲವು ವಾರ ಇಂಜೆಕ್ಷನ್ ಕೊಡುತ್ತಾರೆ, ತಪ್ಪಿಸಬೇಡಿ. ಕನಿಷ್ಠ ಆರು ವಾರ ಭಾರ ಎತ್ತುವಂತಿಲ್ಲ, ಕೊಡಪಾನವನ್ನೂ.

ಕರುಳು ಬೇಗ ಕೆಲಸ ಶುರುಮಾಡಲಿ ಅಂತ ಚೂಯಿಂಗ್ ಗಮ್ ಅಗಿಯಲು ಕೊಡುತ್ತಾರೆ. ಐವತ್ತು ವರ್ಷ ಕವಳ (ಎಲೆಯಡಿಕೆ) ಹಾಕಿದ ಬಾಯಿಗೆ ಗಮ್ ಸಿಕ್ಕಾಗ ದೊಡ್ಡಪ್ಪ, "ಇದಕ್ಕೆ ಸುಣ್ಣ ಇಲ್ಯ?" ಅಂತ ನರ್ಸನ್ನು ಕೇಳಿದರು.

ಹಣದ ವಿಷಯ ಚುಟುಕಾಗಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30, ಒಟ್ಟು ಒಂದೂವರೆ ಲಕ್ಷದವರೆಗೆ. ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಒಂದೇ ಕವರಿನಲ್ಲಿರಲಿ.

ಎಂಟನೇ ಹೆಜ್ಜೆ: ಯಾವಾಗ ಫೋನ್ ಮಾಡಬೇಕು

ವಾರದಲ್ಲಿ ಎರಡು ಕೆ.ಜಿ. ಇಳಿದರೆ. ಎರಡು ದಿನ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿ ಕಾಲು ಬಾತರೆ, ಉಸಿರು ಕಟ್ಟಿದರೆ. ಒಂದೇ ಕಾಲು ಬಾತು ನೋವು ಬಂದರೆ ಕಾಯಬೇಡಿ, ಹೊರಟೇಬಿಡಿ. ಕಿಮೋ ನಡೆಯುವಾಗ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ರಾತ್ರಿಯಾದರೂ ಅಷ್ಟೇ. ಬಿಸಿಜಿ ಹಾಕಿಸಿಕೊಂಡವರಿಗೆ ಜೋರು ಜ್ವರ ಬಂದು ಎರಡನೇ ದಿನವೂ ಇಳಿಯದಿದ್ದರೆ ಹೇಳಲೇಬೇಕು, "ಬಿಸಿಜಿ ಆಗಿದೆ" ಅಂತ ಬಿಡಿಸಿ ಹೇಳಿ.

ಆಪರೇಷನ್ ಆಗಿ ತಿಂಗಳುಗಳಾದ ಮೇಲೆ ತೂಕ ಏರತೊಡಗುತ್ತದೆ. ಒಳ್ಳೆಯ ಸುದ್ದಿಯೇ, ಆದರೆ ಅದರದ್ದೂ ಒಂದು ಕಾಟ ಇದೆ. ದೊಡ್ಡಪ್ಪ 62ರ ತನಕ ಇಳಿದು ಮತ್ತೆ 67ಕ್ಕೆ ಬಂದಾಗ ಚೀಲ ಸೋರಲು ಶುರುವಾಯಿತು. ರಾತ್ರಿ ಎರಡು ಸಲ ಹಾಸಿಗೆ ಬದಲಿಸಿದೆವು. ಅಂಟು ಸರಿ ಇಲ್ಲ ಅಂತ ಬ್ರಾಂಡ್ ಬದಲಿಸಿ ಸುಮ್ನೆ ದುಡ್ಡು ಕಳೆದೆವು. ಹೊಟ್ಟೆಯ ಬಾಯಿ, ಚೀಲ ನೋಡಿಕೊಳ್ಳುವ ಸ್ಟೋಮಾ ನರ್ಸ್ ಕೂರಿಸಿ ನೋಡಿದ ಕೂಡಲೇ ಹೇಳಿದರು: ಹೊಟ್ಟೆ ತುಂಬಿಕೊಂಡು ಬಾಯಿಯ ಪಕ್ಕ ಮಡಿಕೆ ಬಿದ್ದಿದೆ, ಬಾಯಿ ಒಳಗೆ ಸರಿದಿದೆ. ಚೀಲವನ್ನು ಮೈಗೆ ಅಂಟಿಸುವ ಚಪ್ಪಟೆ ಪ್ಲೇಟಿನ ಬದಲು ಉಬ್ಬಿದ ಪ್ಲೇಟು ಕೊಟ್ಟರು, ತೂತಿನ ಅಳತೆ ಹೊಸದಾಗಿ ತೆಗೆದರು. ಬಾಯಿ ಮೊದಲ ಎರಡು ತಿಂಗಳಲ್ಲಿ ಕುಗ್ಗುತ್ತದೆ, ಆಮೇಲೆ ತೂಕ ಏರಿಳಿದಾಗಲೆಲ್ಲ ಅದರ ಆಕಾರವೂ ಬದಲಾಗಬಹುದು. ಹಾಗಾಗಿ ಮೂರ್ನಾಲ್ಕು ಕೆ.ಜಿ. ಆಚೀಚೆ ಆದಾಗ ತೂತು ಮತ್ತೆ ಅಳೆಯಿರಿ. ಕರುಳಿನ ತುಂಡು ತೆಗೆದಿರುವುದರಿಂದ ವರ್ಷಕ್ಕೊಮ್ಮೆ ಬಿ12 ಪರೀಕ್ಷೆಯನ್ನೂ ಮಾಡಿಸಿ. ಪ್ಲೇಟುಗಳನ್ನು ಹುಬ್ಬಳ್ಳಿಯಿಂದ ತರಿಸುವವರು ಮೇ ತಿಂಗಳಲ್ಲೇ ಎರಡು ಡಬ್ಬಿ ಜಾಸ್ತಿ ತರಿಸಿಡಿ, ಗುಡ್ಡ ಕುಸಿದು ರಸ್ತೆ ಮುಚ್ಚಿದ ದಿನ ಕೊರಿಯರ್ ಹುಡುಗ ಬರುವುದಿಲ್ಲ.